ಒದ್ದೆ ಟವೆಲಿನಲ್ಲಿ ಎರಡು ಕ್ಯಾಮೆರಾ

ಕಾಪು

ಜಪಾನಿಗೆ ಹೋಗಿ ಬಂದೆ ಎಂದರೆ ನಮ್ಮೂರಿನವರು ಕೇಳುವುದು ಎರಡೇ ಪ್ರಶ್ನೆ. ಬುಲೆಟ್ ರೈಲಿನಲ್ಲಿ ಕೂತೆಯಾ, ಹಸಿ ಮೀನು ತಿಂದೆಯಾ? ಬುಲೆಟ್ ರೈಲನ್ನು ದೂರದಿಂದ ನೋಡಿದೆ. ಹಸಿ ಮೀನನ್ನು ನಾನು ತಿಂದೆ, ದಿನಕರ ಭಾವ ತಿನ್ನಲಿಲ್ಲ. ಅರುವತ್ತನಾಲ್ಕು ವರ್ಷ ಮೀನಿನಲ್ಲೇ ಬದುಕಿದ ಮನುಷ್ಯ ತಟ್ಟೆಯ ಮುಂದೆ ಕೂತು, "ಇಷ್ಟು ಚೆಂದಕ್ಕೆ ಕೊಯ್ಯಲು ಇವರಿಗೆ ಪುರುಸೊತ್ತು ಉಂಟು, ಒಲೆ ಹೊತ್ತಿಸಲು ಮಾತ್ರ ಇಲ್ಲ ಅಲ್ವಾ?" ಎಂದು ಹೇಳಿ, ಬರೀ ಅನ್ನ ಉಪ್ಪಿನಕಾಯಿ ತಿಂದು ಎದ್ದರು.

ನಾವು ಹೋದದ್ದು ಊರು ನೋಡಲು ಅಲ್ಲ, ಒಂದು ಮರದ ಕ್ಯಾಮೆರಾ ಆರಿಸಲು. ಹಿಂದೆ ಶಾಲೆಯ ಗ್ರೂಪ್ ಫೋಟೊಕ್ಕೆ ಬರುತ್ತಿದ್ದ ಫೋಟೊಗ್ರಾಫರು ಮುಕ್ಕಾಲಿಯ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತಿದ್ದರಲ್ಲ, ಆ ಜಾತಿಯದು. ಮಡಚಿದರೆ ಪೆಟ್ಟಿಗೆ, ಬಿಡಿಸಿದರೆ ಹಾರ್ಮೋನಿಯಂನ ಹಾಗೆ ತಿದಿ ಮುಂದಕ್ಕೆ ಬರುತ್ತದೆ. ನನ್ನ ಅಪ್ಪ ಅಂಥದೊಂದು ಸಾಗುವಾನಿಯ ಕ್ಯಾಮೆರಾದಲ್ಲಿ ಉಡುಪಿ, ಕಾರ್ಕಳದ ಅರ್ಧ ಮದುವೆಗಳನ್ನು ತೆಗೆದವರು. ಮದುವೆಗಳು ಆಮೇಲೆ ಸಣ್ಣ ಕ್ಯಾಮೆರಾಗಳಿಗೆ ಹೋದವು. ಆದರೆ ವರ್ಷಕ್ಕೊಂದು ಫೋಟೊವನ್ನು ಅಪ್ಪ ಬಿಡಲಿಲ್ಲ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಬಿಟ್ಟ ಮೇಲೆ, ನಮ್ಮ ಕಡಲತೀರದ ಕೈರಂಪಣಿ ಬಲೆಯವರು ಎಲ್ಲರೂ, ಅಂದರೆ ದಡದಲ್ಲಿ ನಿಂತು ಆ ದೊಡ್ಡ ಬಲೆಯನ್ನು ಎಳೆಯುವ ಅರುವತ್ತು ಎಪ್ಪತ್ತು ಜನ, ಸಾಲಾಗಿ ನಿಲ್ಲುತ್ತಾರೆ. ಅಪ್ಪ "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲಿ ಎಣಿಸುತ್ತಿದ್ದರು. ಎಣಿಕೆ ಮುಗಿಯುವವರೆಗೆ ಒಬ್ಬರೂ ಅಲುಗಾಡುವಂತಿಲ್ಲ. ಆ ಫೋಟೊಗಳೆಲ್ಲ ನಮ್ಮ ಚಾವಡಿಯ ಗೋಡೆಯಲ್ಲಿ ವರ್ಷಕ್ಕೊಂದರಂತೆ ನೇತಾಡುತ್ತವೆ. ಕಾಪುವಿನಲ್ಲಿ ಯಾರಿಗಾದರೂ ತಮ್ಮ ಅಜ್ಜ ಹೇಗಿದ್ದರು ಎಂದು ನೋಡಬೇಕಿದ್ದರೆ ನಮ್ಮ ಮನೆಗೆ ಬರುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಕ್ಯಾಮೆರಾ ನನ್ನ ಪಾಲಿಗೆ ಬಂತು. ಉಡುಪಿಯಲ್ಲಿ ನನ್ನದೇ ಸ್ಟುಡಿಯೊ ಉಂಟು, ಕ್ಯಾಮೆರಾ ನೋಡಿಕೊಳ್ಳುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅಂದುಕೊಂಡಿದ್ದೆ. ಚಾವಡಿಯ ನಡುವೆ ಧೂಳು ತಿನ್ನುತ್ತಾ ನಿಂತಿದ್ದ ಅದನ್ನು ಒರೆಸಿ, ಮಡಚಿ, ಬಟ್ಟೆ ಸುತ್ತಿ, ನುಸಿಗುಳಿಗೆ ಹಾಕಿ ಕಬ್ಬಿಣದ ಕಪಾಟಿನಲ್ಲಿಟ್ಟೆ. ಮೂರು ವರ್ಷ ಹೇಗೋ ಫೋಟೊ ತೆಗೆದೆ. ನಾಲ್ಕನೆಯ ನೂಲ ಹುಣ್ಣಿಮೆಗೆ ಕಡಲತೀರದಲ್ಲಿ ಎಲ್ಲರೂ ಇಸ್ತ್ರಿ ಅಂಗಿ ಹಾಕಿ ನಿಂತಾಗ ಅದು ಬಿಡಿಸಿಕೊಳ್ಳಲಿಲ್ಲ. ನಾನು ಬಲ ಹಾಕಿದೆ. ಮುಂದಿನ ಚೌಕಟ್ಟು ಎರಡಾಗಿ ಕೈಗೆ ಬಂತು, ತಿದಿ ಬೂಸಲು ಹಿಡಿದು ಮಡಿಕೆ ಮಡಿಕೆಯಾಗಿ ಹರಿಯಿತು. ಲೆನ್ಸ್ ಒಂದು ಉಳಿಯಿತು. ಆ ವರ್ಷ ಫೋಟೊ ಇಲ್ಲ. ಮರುವರ್ಷ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದೆ. ಯಾರೂ ಸರಿಯಾಗಿ ನಿಲ್ಲಲಿಲ್ಲ, ಹತ್ತು ಜನ ತಮ್ಮ ಮೊಬೈಲ್ ನೋಡುತ್ತಿದ್ದರು. ಬಲೆಯ ಹಿರಿಯ ಶೀನಣ್ಣ ಪ್ರಿಂಟನ್ನು ದೂರಕ್ಕೆ ಹಿಡಿದು ನೋಡಿ, "ಇದು ನಮ್ಮ ಫೋಟೊ ಅಲ್ಲ, ಬಸ್‌ಸ್ಟ್ಯಾಂಡಿನ ಫೋಟೊ" ಎಂದು ವಾಪಸು ಕೊಟ್ಟರು. ಎರಡು ವರ್ಷ ತಪ್ಪಿದರೆ ತಪ್ಪಿತು ಎನ್ನಬಹುದು. ಮೂರನೆಯದೂ ತಪ್ಪಿದರೆ ನಿಂತೇ ಹೋಯಿತು ಎಂದು ಅರ್ಥ. ಅದು ನನ್ನ ಕೈಯಲ್ಲಿ ನಿಲ್ಲಬಾರದು ಎಂಬುದೊಂದೇ ನನ್ನ ಹಟ.

ಹಳೆಯ ಕ್ಯಾಮೆರಾಗಳನ್ನು ಮುಂಬೈಯಿಂದ ತರಿಸಿ ನೋಡಿದೆ, ಗೆದ್ದಲಿನ ಸಂಸಾರವೂ ಜೊತೆಗೇ ಬಂತು. ಕೊನೆಗೆ ಟೋಕಿಯೊದಲ್ಲಿ ಅಪ್ಪ ಮಗಳು ಇಬ್ಬರೇ ನಡೆಸುವ ಒಂದು ಕಾರ್ಖಾನೆ ಪತ್ತೆಯಾಯಿತು. ಅವರ ಹತ್ತಿರ ನನ್ನ ಲೆನ್ಸಿಗೆ ಹೊಂದುವ ಎರಡು ಕ್ಯಾಮೆರಾ ಇದ್ದವು. ಒಂದು ಅಕ್ರೋಟ್ ಮರದ್ದು, ಒಂದು ಚೆರಿ ಮರದ್ದು. ಫೋಟೊ ನೋಡಿ ಒಂದನ್ನು ಕೊರಿಯರಿನಲ್ಲಿ ತರಿಸುತ್ತೇನೆ ಎಂದಾಗ ಭಾವ ನಕ್ಕರು. "ಮರವನ್ನು ಯಾರಾದರೂ ಫೋಟೊ ನೋಡಿ ತೆಗೆದುಕೊಳ್ಳುವುದುಂಟಾ ಸತೀಶ? ಅದೂ ನೀನು ಫೋಟೊಗ್ರಾಫರ್ ಆಗಿ? ಫೋಟೊದಲ್ಲಿ ಎಷ್ಟು ಸುಳ್ಳು ಹೇಳಬಹುದು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಭಾವ ಎಂದರೆ ನನ್ನ ಅಕ್ಕನ ಗಂಡ. ಮಲ್ಪೆಯಲ್ಲಿ ದೋಣಿ ಕಟ್ಟುವ ಬಡಗಿ. ಫೈಬರ್ ದೋಣಿಗಳು ಬಂದ ಮೇಲೆ ಅವರ ಹತ್ತಿರ ಮರದ ವಿಷಯ ಕೇಳುವವರು ಕಡಿಮೆ. ನಾನು ಕೇಳಿದ್ದೇ ತಡ, ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟೇಬಿಟ್ಟರು. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಟೋಕಿಯೊ, ಮೊದಲ ದಿನ

ಜೂನ್ ತಿಂಗಳು. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೇ ಅವರಲ್ಲೂ ಮಳೆ ಹಿಡಿಯುತ್ತದೆ. ಆದರೆ ಅವರ ಮಳೆಯೂ ಅವರ ಹಾಗೆಯೇ, ಸದ್ದು ಮಾಡದೆ ಬರುತ್ತದೆ. ಅಂಗಡಿಯ ಬಾಗಿಲಲ್ಲಿ ಒದ್ದೆ ಕೊಡೆಗೆ ತೊಡಿಸಲು ಪ್ಲಾಸ್ಟಿಕ್ ಚೀಲ ಇಟ್ಟಿರುತ್ತಾರೆ. ಭಾವ ಅದನ್ನು ಕೊಡೆಯ ಲಂಗೋಟಿ ಎಂದು ಕರೆದರು, ಆಮೇಲೆ ನನಗೂ ಬೇರೆ ಹೆಸರು ಹೊಳೆಯಲಿಲ್ಲ.

ರೈಲಿನಲ್ಲಿ ಉಸಿರು ಬಿಡಲು ಜಾಗವಿಲ್ಲದಷ್ಟು ಜನ, ಆದರೂ ಒಂದು ಮಾತಿಲ್ಲ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ "ಮಣಿಪಾಲ್ ಮಣಿಪಾಲ್ ಮಣಿಪಾಲ್" ಎಂದು ಕಿವಿಗೆ ಬಂದು ಕೂಗುವ ಕಂಡಕ್ಟರುಗಳ ನಡುವೆ ಬೆಳೆದ ನಮಗೆ ಯಾರದೋ ಮನೆಗೆ ಸಾವು ಕೇಳಲು ಹೋದ ಹಾಗಾಯಿತು. ಭಾವನಿಗೆ ಸಣ್ಣ ಮಾತು ಬರುವುದಿಲ್ಲ. ಕಡಲಿನ ಸದ್ದಿನ ಮೇಲೆ ಮಾತಾಡಿ ಕಲಿತ ಗಂಟಲು. "ಇಳಿಯುವ ಜಾಗ ಬಂತಾ?" ಎಂದು ಅವರು ಕೇಳಿದರೆ ಇಡೀ ಡಬ್ಬಿ ತಿರುಗಿ ನೋಡಿತು.

ಬೀದಿಯಲ್ಲಿ ಕಸದ ಡಬ್ಬಿಯೇ ಇಲ್ಲ. ಅವರವರ ಕಸವನ್ನು ಅವರವರೇ ಮನೆಗೆ ಹೊತ್ತುಕೊಂಡು ಹೋಗಬೇಕು. ಬೆಳಿಗ್ಗೆ ಬಾಳೆಹಣ್ಣು ತಿಂದ ಭಾವ ಸಿಪ್ಪೆಯನ್ನು ಸಂಜೆಯವರೆಗೆ ಕಿಸೆಯಲ್ಲಿಟ್ಟುಕೊಂಡು ತಿರುಗಿದರು. ಮಾರನೆಯ ದಿನದಿಂದ ಬಾಳೆಹಣ್ಣು ಬಿಟ್ಟರು.

ನದಿಯ ಪಕ್ಕದ ಕಾರ್ಖಾನೆ

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ನದಿಯ ಒಡ್ಡಿನ ಹಿಂದೆ, ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿ, ನಮ್ಮ ಕಡೆಯ ಸೈಕಲ್ ಶಾಪಿನಷ್ಟು ಅಗಲದ ಒಂದು ಮನೆ. ಕೆಳಗೆ ಕೆಲಸ, ಮೇಲೆ ವಾಸ. ಮೊರಿಯಾ ಸಾನ್ ಎಂಬ ಎಪ್ಪತ್ತರ ಯಜಮಾನರು ಸ್ಟೂಲಿನಿಂದ ಎದ್ದು ಬಾಗಿ ನಮಸ್ಕರಿಸಿದರು. ಇಂಗ್ಲಿಷ್ ಬರುವುದು ಮಗಳು ಕಾನಾಗೆ. ಕೆಲವು ತಿಂಗಳಿನಿಂದ ನನಗೆ ಇ-ಮೇಲ್ ಬರೆಯುತ್ತಿದ್ದವಳು ಅವಳೇ.

ಎರಡು ಕ್ಯಾಮೆರಾಗಳನ್ನು ಮೇಜಿನ ಮೇಲೆ ಇಟ್ಟರು. ಅಕ್ರೋಟ್ ಮರದ್ದು ಅಪ್ಪ ಮಾಡಿದ್ದು. ಕಪ್ಪು ಕಂದು ಬಣ್ಣ, ದಪ್ಪ ಹಲಗೆ, ಎತ್ತಿದರೆ ಅಕ್ಕಿಮುಡಿ ನೆನಪಾಗುವಂಥ ಭಾರ. ಚೆರಿ ಮರದ್ದು ಮಗಳು ಮಾಡಿದ್ದು. ತಿಳಿ ಕೆಂಪು, ಸಪೂರ, ಒಂದೇ ಕೈಯಲ್ಲಿ ಎತ್ತಬಹುದು. ಎರಡಕ್ಕೂ ಹಿತ್ತಾಳೆಯ ತಿರುಪುಗಳು. ನಾನು ಚೆರಿಯದ್ದರ ತಿರುಪು ತಿರುಗಿಸಿದೆ, ಮುಂದಿನ ಚೌಕಟ್ಟು ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಹೋಯಿತು. ಮರಳಿನಲ್ಲಿ ಹೊತ್ತುಕೊಂಡು ನಡೆಯಬೇಕಾದವನು ನಾನು. ನನ್ನ ಸೊಂಟ ಆಗಲೇ ಚೆರಿಗೆ ಓಟು ಹಾಕಿತು.

ಭಾವ ಎರಡನ್ನೂ ಮೂಸಿದರು. ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಮೊರಿಯಾ ಸಾನ್ ಅದನ್ನೇ ನೋಡುತ್ತಿದ್ದರು. ಮುಖದಲ್ಲಿ ಒಪ್ಪಿಗೆಯೂ ಇಲ್ಲ, ಬೇಸರವೂ ಇಲ್ಲ. ಆಮೇಲೆ ಮಗಳಿಗೆ ಏನೋ ಹೇಳಿದರು.

"ಅಪ್ಪ ಇಲ್ಲಿ ಮಾರುವುದಿಲ್ಲ" ಎಂದಳು ಕಾನಾ. "ಎರಡನ್ನೂ ತೆಗೆದುಕೊಂಡು ಹೋಗಿ, ನಿಮ್ಮ ಊರಿನಂಥ ಜಾಗದಲ್ಲಿ ಫೋಟೊ ತೆಗೆಯಿರಿ. ನಾಳೆ ಸಂಜೆಗೆ ಬಂದು ಯಾವುದು ಎಂದು ಹೇಳಿ. ಫಿಲ್ಮನ್ನು ನಾನೇ ತೊಳೆದುಕೊಡುತ್ತೇನೆ."

ಒಂದು ಕಾಗದ ಇಲ್ಲ, ಸಹಿ ಇಲ್ಲ. ಬಾಗಿಲವರೆಗೆ ಬಂದು ಇಬ್ಬರೂ ಬಾಗಿದರು. ನಾವೂ ಬಾಗಿದೆವು. ಅವರು ಮತ್ತೆ ಬಾಗಿದರು. ಯಾರು ಮೊದಲು ನಿಲ್ಲಿಸಬೇಕು ಎಂದು ಗೊತ್ತಿಲ್ಲದೆ ಭಾವ ರಸ್ತೆಯ ತಿರುವಿನವರೆಗೂ ಹಿಂದೆ ತಿರುಗಿ ತಿರುಗಿ ಬಾಗುತ್ತಾ ಬಂದರು.

ಕಾಮಾಕುರಾ

ನಮ್ಮ ಊರಿನಂಥ ಜಾಗ ಎಂದರೆ ಕಡಲು. ರೈಲಿನಲ್ಲಿ ಒಂದೇ ಗಂಟೆಯ ದಾರಿ. ಕಾಮಾಕುರಾದಲ್ಲಿ ಬಯಲಿನಲ್ಲಿ ಕೂತ ದೊಡ್ಡ ಬುದ್ಧ ಇದ್ದಾನೆ. ಒಂದು ಕಾಲದಲ್ಲಿ ಅವನಿಗೊಂದು ಗುಡಿ ಇತ್ತಂತೆ, ಕಡಲು ಬಂದು ಕೊಂಡೊಯ್ದಿತಂತೆ. ಭಾವ ತಲೆಯೆತ್ತಿ ನೋಡಿದರು. "ಕಾರ್ಕಳದಲ್ಲಿ ನಮ್ಮವರು ನಿಲ್ಲಿಸಿದ್ದಾರೆ, ಇವರು ಕೂರಿಸಿದ್ದಾರೆ. ಅವನಿಗೂ ಸೂರಿಲ್ಲ, ಇವನಿಗೂ ಇಲ್ಲ. ಆದರೂ ಇಬ್ಬರೂ ಗಟ್ಟಿ ಇದ್ದಾರೆ ನೋಡು" ಎಂದರು. ಆಗ ಆ ಮಾತಿಗೆ ನಾನು ಹೂಂ ಎಂದಿದ್ದೇನೆ, ಅಷ್ಟೇ.

ಕಡಲತೀರಕ್ಕೆ ಬಂದಾಗ ಭಾವನ ನಡಿಗೆ ಬದಲಾಯಿತು. ಹಲಗೆಯ ಚೌಕಟ್ಟುಗಳ ಮೇಲೆ ಸಣ್ಣ ಬಿಳಿ ಮೀನು ಒಣಗಲು ಹಾಕಿದ್ದರು. ಅದೇ ವಾಸನೆ. ಬಲೆ ಸರಿಮಾಡುತ್ತಿದ್ದ ಏಳು ಜನರ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತು ಗಂಟು ಹೇಗೆ ಹಾಕುತ್ತಾರೆ ಎಂದು ನೋಡತೊಡಗಿದರು. ಕಾನಾ ಒಂದು ಚೀಟಿ ಬರೆದುಕೊಟ್ಟಿದ್ದಳು: ಇವರು ಭಾರತದ ಫೋಟೊಗ್ರಾಫರು, ಕೈ ಇಳಿಸುವವರೆಗೆ ದಯವಿಟ್ಟು ಅಲುಗಾಡದೆ ನಿಂತುಕೊಳ್ಳಿ. ಅವರು ಓದಿ, ಕೈ ತೊಳೆದು, ದೋಣಿಯ ಮುಂದೆ ಸಾಲಾಗಿ ನಿಂತರು. ಎಂಥ ನಿಲುವು! ನಮ್ಮ ಕಾಪುವಿನವರನ್ನು ಹಾಗೆ ನಿಲ್ಲಿಸಬೇಕಾದರೆ ಶೀನಣ್ಣ ನಾಲ್ಕು ಜನರಿಗೆ ಬೈಯಬೇಕು.

ಮೋಡ ಇತ್ತು. ಒಂದು ಸೆಕೆಂಡು ಬೆಳಕು ಬಿಡಬೇಕು. ಮೊದಲು ಚೆರಿ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಗಾಜಿನ ಮೇಲೆ ಏಳು ಜನ ತಲೆಕೆಳಗಾಗಿ ನಿಂತಿದ್ದರು. ಎರಡು ವರ್ಷ ತಪ್ಪಿದ ಮೇಲೆ ಮತ್ತೆ ಆ ಬಟ್ಟೆಯೊಳಗಿನ ಕತ್ತಲೆ, ಅಲ್ಲಿನ ಹೊಳೆಯುವ ಚಿತ್ರ. ನನಗೆ ಬಹಳ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ ಶಟರ್ ತೆರೆದವನು ಮುಚ್ಚುವ ಮುಂಚೆಯೇ "ಅರಿಗಾತೊ" ಎಂದು ಧನ್ಯವಾದ ಹೇಳಿಬಿಟ್ಟೆ. ಏಳೂ ಜನ ಒಟ್ಟಿಗೆ ಬಾಗಿದರು. ಆ ಫೋಟೊದಲ್ಲಿ ಈಗಲೂ ಏಳು ಜೊತೆ ಕಾಲುಗಳು, ಅವುಗಳ ಮೇಲೆ ಏಳು ಮೋಡಗಳು ಉಂಟು. ಆಮೇಲೆ ಅಕ್ರೋಟ್. ಅದನ್ನು ಮುಕ್ಕಾಲಿಗೆ ಏರಿಸುವಾಗ ಸೊಂಟ ಸಣ್ಣಗೆ ಕೂಗಿತು. ಈ ಸಲ ಬಾಯಿ ಮುಚ್ಚಿಕೊಂಡೆ.

ಆ ದಿನ ಉಳಿದದ್ದು ಒಬ್ಬ ಹೆಂಗಸು ನಡೆಸುವ ಸಣ್ಣ ವಸತಿಗೃಹದಲ್ಲಿ. ಊಟ ಮುಗಿದ ಮೇಲೆ ಭಾವ ಎರಡೂ ಕ್ಯಾಮೆರಾಗಳನ್ನು ಚಾಪೆಯ ಮೇಲಿಟ್ಟುಕೊಂಡು ಕೂತರು.

"ಸತೀಶ, ನೂಲ ಹುಣ್ಣಿಮೆಗೆ ನಮ್ಮಲ್ಲಿ ಹವೆ ಹೇಗೆ ಉಂಟು?"

"ಎಂತ ಭಾವ, ಗೋಡೆಯಲ್ಲೂ ನೀರು ಬರುತ್ತದೆ."

"ಮತ್ತೆ? ಇಲ್ಲಿ ಒಣಗಿದ ಮರ ನೋಡಿ ಎಂತ ಪ್ರಯೋಜನ? ನಾವು ದೋಣಿಗೆ ಹಲಗೆ ಆರಿಸುವಾಗ ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇವೆ. ಬೆಳಿಗ್ಗೆ ಅದರ ಗುಣ ಗೊತ್ತಾಗುತ್ತದೆ. ಮರವನ್ನೂ ಅಳಿಯನನ್ನೂ ನೆನೆಸಿ ನೋಡಬೇಕು ಮಾರಾಯ."

ಬೇರೆಯವರ ಸೊತ್ತು, ನಂಬಿ ಕೊಟ್ಟಿದ್ದಾರೆ, ಬೇಡ ಎಂದು ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ನನಗೂ ತಿಳಿಯಬೇಕಿತ್ತು. ಕಡಲತೀರದಲ್ಲಿ ಎಲ್ಲರ ಮುಂದೆ ಇನ್ನೊಮ್ಮೆ ಕ್ಯಾಮೆರಾ ಮುರಿದುಕೊಂಡು ನಿಲ್ಲುವುದಕ್ಕಿಂತ ಇಲ್ಲೇ ನೋಡಿಬಿಡುವುದು ಒಳ್ಳೆಯದು ಎಂದುಕೊಂಡೆ. ಲೆನ್ಸ್ ತೆಗೆದು, ಎರಡನ್ನೂ ಮಡಚಿ, ಕೋಣೆಯಲ್ಲಿದ್ದ ಟವೆಲುಗಳನ್ನೆಲ್ಲ ನೆನೆಸಿ ಹಿಂಡಿ ಸುತ್ತಿದೆವು. ಸಾಲಲಿಲ್ಲ. ನಾನು ಕೆಳಗೆ ಹೋಗಿ ಇನ್ನೂ ನಾಲ್ಕು ಕೇಳಿದೆ. ಆ ಹೆಂಗಸು ತುಂಬಾ ಗೌರವದಿಂದ ಕೊಟ್ಟಳು. ಭಾರತದವರು ಸ್ನಾನದಲ್ಲಿ ನಮ್ಮನ್ನೂ ಮೀರಿಸಿದರು ಎಂದುಕೊಂಡಳೋ ಏನೋ.

ಕಾಮಾಕುರಾ, ಬೆಳಿಗ್ಗೆ

ಚೆರಿ ಮರದ್ದು ಟವೆಲ್ ಬಿಚ್ಚಿದ ಕೂಡಲೇ ತೆರೆದುಕೊಂಡಿತು. ಏನೂ ಆಗದವರ ಹಾಗೆ ತಿದಿ ಮುಂದಕ್ಕೆ ಬಂತು.

ಅಕ್ರೋಟ್ ತೆರೆಯಲಿಲ್ಲ. ಹಲಗೆ ಹಲಗೆಯನ್ನು ಕಚ್ಚಿ ಹಿಡಿದಿತ್ತು. ಸಂದಿನಲ್ಲಿ ಕೂದಲು ಹೋಗುವಷ್ಟೂ ಜಾಗವಿಲ್ಲ.

ಭಾವನ ಮುಖ ಅರಳಿತು. "ನೋಡು, ಇದು ಮರ!" ಎಂದು ಅಕ್ರೋಟನ್ನು ತಟ್ಟಿದರು. "ನೀರು ಕುಡಿಯಿತು, ಉಬ್ಬಿತು, ಬಿಗಿಯಿತು. ಒಂದು ತೊಟ್ಟು ಒಳಗೆ ಬಿಡುವುದಿಲ್ಲ. ಇದನ್ನೇ ತೆಗೆದುಕೋ. ಆ ಇನ್ನೊಂದು ಸಡಿಲ. ಮೂರನೆಯ ಅಲೆಗೆ ನೀರು ನುಗ್ಗುತ್ತದೆ."

"ಭಾವ, ಇದು ದೋಣಿ ಅಲ್ಲ."

"ಅಲ್ಲ, ಆದರೆ..."

"ದೋಣಿಯ ಬಾಯಿ ಮುಚ್ಚಬೇಕು. ಕ್ಯಾಮೆರಾದ ಬಾಯಿ ತೆರೆಯಬೇಕು."

ಭಾವ ಕ್ಯಾಮೆರಾವನ್ನು ಮತ್ತೆ ಎತ್ತಿ ನೋಡಿದರು. ನಲುವತ್ತು ವರ್ಷದಿಂದ ಮರ ಬಿಗಿಯಲಿ ಎಂದೇ ಪ್ರಾರ್ಥಿಸಿದ ಮನುಷ್ಯ. ಮುಖದ ಬಣ್ಣ ಇಳಿಯಿತು. ಮೆಲ್ಲಗೆ, ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ನಿಜವಾಗಿಯೂ ಮೆಲ್ಲಗೆ, "ಎಲ್ಲೂರಿನ ದೇವರಿಗೆ ಐದು ಸೀಯಾಳದ ಅಭಿಷೇಕ ಮಾಡಿಸುತ್ತೇನೆ, ಇದೊಂದು ಬಿಡಿಸಿಕೊಳ್ಳಲಿ" ಎಂದರು.

ನಾನು ಚೌಕಟ್ಟಿಗೆ ಕೈ ಹಾಕಿದೆ. ಸ್ವಲ್ಪ ಬಲ ಹಾಕಿದರೆ ಬಂದೀತು ಎನಿಸಿತು. ಎರಡು ವರ್ಷದ ಹಿಂದೆಯೂ ಹಾಗೆಯೇ ಎನಿಸಿತ್ತು. ಕೈ ಹಿಂದಕ್ಕೆ ತೆಗೆದೆ. ಒಪ್ಪಿಸುವುದಾದರೆ ಹೀಗೇ ಒಪ್ಪಿಸುವುದು ಎಂದು ಒಣ ಬಟ್ಟೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆವು. ದಾರಿಯುದ್ದಕ್ಕೂ ಭಾವ ಒಂದು ಮಾತಾಡಲಿಲ್ಲ. ಆ ಡಬ್ಬಿಯಲ್ಲಿ ಅವರೇ ಅತ್ಯಂತ ಸಭ್ಯ ಜಪಾನಿಯಾಗಿದ್ದರು.

ಮತ್ತೆ ಕಾರ್ಖಾನೆ

ಸುಳ್ಳು ಹೇಳಬಹುದಿತ್ತು. ಮಳೆಯಲ್ಲಿ ನೆನೆಯಿತು ಎಂದರೆ ಯಾರು ನಂಬುವುದಿಲ್ಲ? ಆದರೆ ಮಡಚಿಕೊಂಡೇ ಕಚ್ಚಿಕೊಂಡ ಕ್ಯಾಮೆರಾವನ್ನು ಮೊರಿಯಾ ಸಾನ್ ಕೈಗೆ ಕೊಡುವಾಗ ಸುಳ್ಳು ನಾಲಿಗೆಗೆ ಬರಲಿಲ್ಲ. ಒದ್ದೆ ಟವೆಲಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾನಾ ಭಾಷಾಂತರ ಮಾಡುತ್ತಾ ಮಾಡುತ್ತಾ ನಡುವೆ ಒಮ್ಮೆ ನಿಂತು, "ಟವೆಲ್?" ಎಂದು ನನ್ನನ್ನೇ ಕೇಳಿದಳು. ಭಾವ ಶಾಲೆಯ ಹುಡುಗನ ಹಾಗೆ ಕೈ ಎತ್ತಿ, ತಾನು, ಎಂದು ಎದೆ ಮುಟ್ಟಿಕೊಂಡರು.

ಮೊರಿಯಾ ಸಾನ್ ಬೈಯಲಿಲ್ಲ, ನಗಲೂ ಇಲ್ಲ. ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ತೆಳು ಕಾಗದವನ್ನು ಸಂದಿಗೆ ತೂರಿಸಲು ನೋಡಿದರು, ಹೋಗಲಿಲ್ಲ. ಚೆರಿಯದ್ದರಲ್ಲಿ ಅದೇ ಕಾಗದ ಸಲೀಸಾಗಿ ಹೋಯಿತು. ಎಷ್ಟು ಗಂಟೆ ಸುತ್ತಿದ್ದಿರಿ, ಟವೆಲ್ ಹಿಂಡಿದ್ದಿರೋ ಇಲ್ಲವೋ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಕಾನಾ ನಮ್ಮ ಎರಡು ಫಿಲ್ಮ್ ತೊಳೆದು ತಂದಳು. ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಕನ್ನಡಿ ಕೊಟ್ಟಳು. ಬಾಗಿದ ಏಳು ಜನರನ್ನು ಬಿಟ್ಟು ಅವರ ಹಿಂದಿನ ದೋಣಿಯನ್ನು ನೋಡಿದೆ. ಚೆರಿಯಲ್ಲಿ ತೆಗೆದದ್ದರಲ್ಲಿ ದೋಣಿಯ ಅಂಚು ಎರಡೆರಡು. ಮರಳಿನಲ್ಲಿ ಕೂತ ದೋಣಿ ಬಾಗುವುದಿಲ್ಲವಲ್ಲ. ಗಾಳಿಗೆ ಅಲುಗಾಡಿದ್ದು ಕ್ಯಾಮೆರಾ. ಅಕ್ರೋಟಿನಲ್ಲಿ ತೆಗೆದದ್ದರಲ್ಲಿ ಬಲೆಯ ಒಂದೊಂದು ಗಂಟೂ ಎಣಿಸುವ ಹಾಗಿತ್ತು.

ಕಾನಾ ತನ್ನ ಕ್ಯಾಮೆರಾದ ಪರ ಒಂದು ಮಾತೂ ಆಡಲಿಲ್ಲ. "ನನ್ನದು ಬೆಟ್ಟ ಹತ್ತುವವರಿಗೆ" ಎಂದಳು. "ಸಂದು ಬಿಟ್ಟಿದ್ದೇನೆ, ಅದಕ್ಕೇ ಕಚ್ಚುವುದಿಲ್ಲ. ಸಂದು ಇರುವುದರಿಂದಲೇ ಗಾಳಿಗೆ ನಡುಗುತ್ತದೆ. ಅಪ್ಪ ಸಂದು ಬಿಡುವುದಿಲ್ಲ."

ನೂಲ ಹುಣ್ಣಿಮೆಯ ದಿನ ಕಾಪುವಿನ ಗಾಳಿ ಎಂದರೆ ಕಾಮಾಕುರಾದ ಗಾಳಿಯ ಅಜ್ಜ. ಅಲುಗುವ ಕ್ಯಾಮೆರಾ ಬೇಡ. ಆದರೆ ಅದೇ ದಿನ ಕಚ್ಚಿಕೊಳ್ಳುವ ಕ್ಯಾಮೆರಾ ತೆಗೆದುಕೊಂಡು ಏನು ಮಾಡಲಿ? ಮಳೆಯ ಊರಿನಲ್ಲಿ ಇದನ್ನು ಹೇಗೆ ಇಡುವುದು ಎಂದು ಕೇಳಿದೆ. ಮೊರಿಯಾ ಸಾನ್ ಉತ್ತರದ ಬದಲು ಇನ್ನೊಂದು ಪ್ರಶ್ನೆ ಕೇಳಿದರು: ಟವೆಲಿನೊಳಗೆ ಇದು ತೆರೆದಿತ್ತೋ, ಮಡಚಿತ್ತೋ?

ಮಡಚಿತ್ತು ಎಂದೆ.

ಅವರು ಎದ್ದು ಒಳಕೋಣೆಯ ಬಾಗಿಲು ಸರಿಸಿದರು. ಒಳಗೆ ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಹತ್ತು ಹನ್ನೆರಡು ಕ್ಯಾಮೆರಾ. ಒಂದೂ ಮಡಚಿರಲಿಲ್ಲ. ಎಲ್ಲವೂ ಬಾಯಿ ತೆರೆದು, ತಿದಿ ಬಿಡಿಸಿಕೊಂಡು, ಕಿಟಕಿಯ ಗಾಳಿಗೆ ನಿಂತಿದ್ದವು. ಮಳೆಗಾಲದಲ್ಲಿ ಮಡಚಿಡುವುದಿಲ್ಲ ಎಂದರು. ಮುಚ್ಚಿದ ಮರ ಎಲ್ಲಿ ತಾಗಿರುತ್ತದೋ ಅಲ್ಲಿ ನೀರು ಹಿಡಿದಿಟ್ಟುಕೊಂಡು ಕಚ್ಚುತ್ತದೆ. ತೆರೆದಿಟ್ಟರೆ ಎಲ್ಲ ಕಡೆ ಒಂದೇ ಸಮ ಉಸಿರಾಡುತ್ತದೆ. ಪ್ರತಿದಿನ ಬೆಳಿಗ್ಗೆ ಒಂದು ಸಲ ಹಿಂದೆ ಮುಂದೆ ಓಡಿಸಬೇಕು. ಅಷ್ಟು ಮಾಡಿದರೆ ಸಾಕು.

ಕಾನಾ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮುಂಚೆ ನನಗೆ ನಮ್ಮ ಚಾವಡಿ ಕಂಡಿತು. ಅಪ್ಪನ ಕ್ಯಾಮೆರಾ ಮಳೆಗಾಲವಿಡೀ ಅಲ್ಲಿ ಮುಕ್ಕಾಲಿಯ ಮೇಲೆ ತೆರೆದೇ ನಿಂತಿರುತ್ತಿತ್ತು. ನಡೆಯಲು ಜಾಗವಿಲ್ಲ ಎಂದು ಅಮ್ಮ ಬೈಯುತ್ತಿದ್ದರು. ನಾವು ಮಕ್ಕಳು ಅದಕ್ಕೆ ಟೋಪಿ ನೇತು ಹಾಕುತ್ತಿದ್ದೆವು. ಅಪ್ಪ ಬೆಳಿಗ್ಗೆ ಚಹಾಕ್ಕೆ ಮುಂಚೆ ಅದರ ತಿರುಪು ತಿರುಗಿಸಿ ಒಂದು ಸಲ ಮುಂದೆ, ಒಂದು ಸಲ ಹಿಂದೆ ಓಡಿಸುತ್ತಿದ್ದರು. ಅದನ್ನು ನಾನು ಅಪ್ಪನ ಶೋಕಿ ಎಂದುಕೊಂಡಿದ್ದೆ. ಬಂದವರಿಗೆಲ್ಲ ಕ್ಯಾಮೆರಾ ಕಾಣಲಿ ಎಂಬ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅಪ್ಪ ಬಾಯಿ ಬಿಟ್ಟು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅದನ್ನು ಕೊಂದದ್ದು ಮಳೆಯಲ್ಲ, ಗೆದ್ದಲಲ್ಲ. ಒರೆಸಿ, ಮಡಚಿ, ನುಸಿಗುಳಿಗೆ ಹಾಕಿದ ನನ್ನ ಕೈ.

ಪರದೇಶದಲ್ಲಿ, ಪರಿಚಯವಿಲ್ಲದವರ ಮುಂದೆ ನನಗೆ ಅಳು ಬಂತು. ಕಾನಾ ಕಿಟಕಿಯ ಕಡೆ ತಿರುಗಿದಳು. ಭಾವ ನನ್ನ ಬೆನ್ನಿಗೆ ಕೈಯಿಟ್ಟು, "ದೋಣಿಯನ್ನೂ ನಾವು ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿಡುವುದಿಲ್ಲ ಸತೀಶ, ಗಾಳಿಯಾಡಲು ಬಿಡುತ್ತೇವೆ. ನನಗಾದರೂ ಹೊಳೆಯಬೇಕಿತ್ತು. ನಾನು ನಿಮ್ಮ ಮನೆಗೆ ಎಷ್ಟು ಸಲ ಬಂದಿಲ್ಲ" ಎಂದರು.

ಮೂಗು ಒರೆಸಿಕೊಂಡು, ಕಚ್ಚಿಕೊಂಡಿದ್ದ ಅಕ್ರೋಟ್ ಕ್ಯಾಮೆರಾದ ಮೇಲೆ ಕೈಯಿಟ್ಟು, "ಇದು" ಎಂದೆ.

ಇದು ಇನ್ನೂ ತೆರೆದಿಲ್ಲ ಎಂದರು ಮೊರಿಯಾ ಸಾನ್.

"ತೆರೆಯುತ್ತದೆ. ಇದೇ ಬೇಕು."

ಆಗ ಅವರು ಮೊದಲ ಸಲ ನಕ್ಕರು. ಉಳಿ ಹಾಕುವುದಿಲ್ಲ, ಬಿಸಿಗೆ ಇಡುವುದಿಲ್ಲ, ತಾನಾಗಿಯೇ ಬರಬೇಕು, ಹೊರಡುವ ದಿನ ಬನ್ನಿ ಎಂದರು. ನಮ್ಮ ವಿಮಾನಕ್ಕೆ ಮೂರು ದಿನ ಇತ್ತು.

ಹೊರಡುವ ದಿನ

ಆ ಮೂರು ದಿನ ಟೋಕಿಯೊದಲ್ಲಿ ಏನು ನೋಡಿದೆವು ಎಂದು ಯಾರೂ ಕೇಳಬೇಡಿ. ಭಾವ ದಿನಕ್ಕೆ ಎರಡು ಸಲ ಆಕಾಶ ನೋಡಿ, ಇವತ್ತು ಒಣ ಗಾಳಿ ಉಂಟಾ ಎಂದು ಕೇಳುತ್ತಿದ್ದರು. ಹರಕೆಯ ಸೀಯಾಳ ಐದರಿಂದ ಇಪ್ಪತ್ತೊಂದಕ್ಕೆ ಏರಿತು.

ಕೊನೆಯ ಬೆಳಿಗ್ಗೆ ಪೆಟ್ಟಿಗೆ ಸಮೇತ ಹೋದಾಗ ಅಕ್ರೋಟ್ ಕ್ಯಾಮೆರಾ ಮೇಜಿನ ಮೇಲೆ ಮಡಚಿಕೊಂಡೇ ಕೂತಿತ್ತು. ಮೊರಿಯಾ ಸಾನ್ ಅದನ್ನು ಭಾವನ ಕಡೆ ತಳ್ಳಿದರು. ನೀವು ಮುಚ್ಚಿದ್ದು, ನೀವೇ ತೆರೆಯಿರಿ ಎಂದರು. ಭಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚೌಕಟ್ಟನ್ನು ಎರಡೇ ಬೆರಳಿನಲ್ಲಿ ಹಿಡಿದರು. ಅದು ಎದ್ದು ನಿಂತಿತು. ಬಿಗಿ ಇತ್ತು, ಆದರೆ ಎಲ್ಲೂ ತಡೆಯಲಿಲ್ಲ. ಮೊರಿಯಾ ಸಾನ್ ಅದನ್ನು ಹಿಂದಿನ ಸಂಜೆಯೇ ತೆರೆದು ನೋಡಿದ್ದರೆಂದು ಆಮೇಲೆ ಕಾನಾ ಬರೆದಳು. ಹೊಸದಾಗಿ ಮಾಡಿದ ಪ್ರತಿ ಕ್ಯಾಮೆರಾವನ್ನೂ ಅಪ್ಪ ಈಗ ಒದ್ದೆ ಟವೆಲಿನಲ್ಲಿ ಒಂದು ರಾತ್ರಿ ಸುತ್ತಿಡುತ್ತಾರೆ, ತೆರೆದೇ, ಎಂದೂ ಬರೆದಳು.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ನೋಡಿದ ನಮ್ಮ ದೇಶದ ಅಧಿಕಾರಿಯೊಬ್ಬರು "ಹಾರ್ಮೋನಿಯಮ್ಮಾ?" ಎಂದು ಕೇಳಿದರು. ಭಾವ ಗಂಭೀರವಾಗಿ, "ಹೌದು, ಇದರಲ್ಲಿ ಸ್ವರ ಬರುವುದಿಲ್ಲ, ಜನ ಬರುತ್ತಾರೆ" ಎಂದರು.

ಕಾಪು, ನೂಲ ಹುಣ್ಣಿಮೆ

ಮಳೆಗಾಲವಿಡೀ ಅದು ಚಾವಡಿಯ ನಡುವೆ ತೆರೆದು ನಿಂತಿತು. "ಮಾವನ ಕಾಲದ ಹಾಗೆಯೇ ಆಯಿತು, ಗುಡಿಸಲು ಜಾಗ ಇಲ್ಲ" ಎಂದು ಹೆಂಡತಿ ಜಯಂತಿ ಬೈದಳು, ಆದರೆ ಗುಡಿಸುವಾಗ ಅದರ ಕಾಲು ತಾಗದ ಹಾಗೆ ಗುಡಿಸಿದಳು. ಬೆಳಿಗ್ಗೆ ಚಹಾಕ್ಕೆ ಮುಂಚೆ ನಾನು ತಿರುಪು ತಿರುಗಿಸಿ ಒಂದು ಸಲ ಮುಂದೆ, ಒಂದು ಸಲ ಹಿಂದೆ ಓಡಿಸುತ್ತೇನೆ.

ನೂಲ ಹುಣ್ಣಿಮೆಯ ದಿನ ಕಡಲು ಕಪ್ಪಾಗಿತ್ತು. ಲೈಟ್‌ಹೌಸಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಲು, ತೆಂಗಿನಕಾಯಿ ಆದ ಮೇಲೆ ಎಲ್ಲರೂ ಬಂದು ನಿಂತರು. ಭಾವ ಕ್ಯಾಮೆರಾ ಹೊತ್ತು ತಂದು ಮುಕ್ಕಾಲಿಗೆ ಏರಿಸಿದರು. ನಾನು ಚೌಕಟ್ಟಿಗೆ ಎರಡು ಬೆರಳು ಕೊಟ್ಟೆ. ಎದ್ದು ನಿಂತಿತು. ಗಾಳಿಗೆ ನನ್ನ ಲುಂಗಿ ಹಾರಿತು, ಅದು ಅಲುಗಲಿಲ್ಲ.

"ಮೊಬೈಲ್ ಒಳಗೆ ಹಾಕಿ" ಎಂದು ಶೀನಣ್ಣ ಗುಡುಗಿದರು. "ಇವತ್ತು ನಿಲ್ಲಬೇಕು. ಎಣಿಸುತ್ತಾನೆ."

ನಾನು ಅಪ್ಪನ ಹಾಗೆಯೇ ಎಣಿಸಿದೆ. ಒಂಜಿ, ರಡ್ಡ್, ಮೂಜಿ. ಶಟರ್ ಮುಚ್ಚುವವರೆಗೆ ಬಾಯಿ ಬಿಡಲಿಲ್ಲ. ಯಾರೂ ಬಾಗಲೂ ಇಲ್ಲ.

ವಾರದ ಮೇಲೆ ಫೋಟೊಕ್ಕೆ ಚೌಕಟ್ಟು ಹಾಕಿಸಿ ಚಾವಡಿಗೆ ತಂದೆ. ಶೀನಣ್ಣ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ವಾಪಸು ಕೊಡದೆ ತಾವೇ ಗೋಡೆಯ ಹತ್ತಿರ ಹೋದರು. ಕೊನೆಯ ಫೋಟೊದ ಪಕ್ಕದ ಮೊಳೆಗೆ ಅವರು ನೇತು ಹಾಕಲು ಹೊರಟಾಗ ನಾನು ತಡೆದೆ. ಎರಡು ಮೊಳೆ ಖಾಲಿ ಬಿಟ್ಟು ಮೂರನೆಯದಕ್ಕೆ ಹಾಕಿಸಿದೆ.

ಮನೆಗೆ ಬಂದವರು ಈಗ ಜಪಾನಿನ ಪ್ರಶ್ನೆಗಳು ಮುಗಿದ ಮೇಲೆ ಆ ಖಾಲಿ ಮೊಳೆಗಳನ್ನು ತೋರಿಸಿ, ಆ ಎರಡು ವರ್ಷ ಎಂತ ಆಯಿತು ಎಂದು ಕೇಳುತ್ತಾರೆ. ಆಗ ಕ್ಯಾಮೆರಾವನ್ನು ತುಂಬಾ ಜೋಪಾನವಾಗಿ ಇಟ್ಟಿದ್ದೆ ಎನ್ನುತ್ತೇನೆ.